‘ಫ್ರೀ’ ಕಾರ್ಡಿಗೆ ಬಿಲ್ ಬಂದಿದೆ, ಕಟ್ಟಬೇಕಾ?

ಪ್ರಶ್ನೆ: ಕಡೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಕಳೆದ ವರ್ಷ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಒಬ್ಬ ಹುಡುಗ ‘ಲೈಫ್‌ಟೈಮ್ ಫ್ರೀ’ ಅಂತ ಹೇಳಿ ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟ. ಒಂದು ಸಲ ಲೈನಿಂಗ್ ಬಟ್ಟೆ ತಂದೆ, ಆ ದುಡ್ಡು ಕಟ್ಟಿ ಕಾರ್ಡನ್ನು ಕತ್ತರಿಸಿ ಎಸೆದೆ. ಮೂರು ತಿಂಗಳ ಹಿಂದೆ 588.82 ರೂಪಾಯಿ ಬಿಲ್ ಬಂತು. ನಾಲ್ಕು ಸಲ ಫೋನ್ ಮಾಡಿದೆ, ‘ನೋಡ್ತೀವಿ ಮೇಡಂ’ ಅಂದರು. ಈಗದು 2,430 ದಾಟಿದೆ. ಓವರ್‌ಲಾಕ್ ಮಷೀನಿಗೆ ಸಾಲ ಕೇಳಿದರೆ ಸಿಬಿಲ್ (ಸಾಲ ಕಟ್ಟಿದ ದಾಖಲೆ ನೋಡಿ ಕೊಡುವ ಅಂಕ) ಸರಿಯಿಲ್ಲ ಅಂತಾರೆ.

ಉತ್ತರ: ಅಮ್ಮಾ, ಹಾಸನದ ಬ್ಯಾಂಕ್ ಕೌಂಟರಿನಲ್ಲಿ ಕೂತಿದ್ದಾಗ ನಿಮ್ಮಂಥವರನ್ನು ತುಂಬಾ ಜನ ನೋಡಿದ್ದೇನೆ. ಎಲ್ಲರೂ ಫೋನ್ ಮಾಡಿರುತ್ತಿದ್ದರು, ಯಾರ ಕೈಯಲ್ಲೂ ಒಂದು ಚೀಟಿ ಇರುತ್ತಿರಲಿಲ್ಲ. ನನಗೆ ಈಗಲೂ ಸಂಕಟ ಆಗೋದು ಅದಕ್ಕೇ.

588.82 ಅಂದರೆ 499ಕ್ಕೆ ಶೇ 18 ಜಿಎಸ್‌ಟಿ ಸೇರಿದ ಲೆಕ್ಕ. ವಾರ್ಷಿಕ ಶುಲ್ಕವೇ ಇರಬೇಕು. ಉಳಿದದ್ದು ತಡವಾದ ದಂಡ, ಬಡ್ಡಿ. ಕಾರ್ಡ್ ಕತ್ತರಿಸಿದರೆ ಪ್ಲಾಸ್ಟಿಕ್ ಹೋಗುತ್ತೆ, ಖಾತೆ ಹಾಗೇ ಇರುತ್ತೆ.

ಇವತ್ತೇ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಮಗನೋ ಮಗಳೋ ಇದ್ದರೆ ಕೂರಿಸಿಕೊಳ್ಳಿ. ‘ಈ ಶುಲ್ಕವನ್ನು ನಾನು ಒಪ್ಪುವುದಿಲ್ಲ, ನಾನು ಒಪ್ಪಿಗೆ ಕೊಟ್ಟ ದಾಖಲೆ ತೋರಿಸಿ’ ಅಂತ ಎರಡೇ ಸಾಲು ಸಾಕು. ಫೋನ್ ಮಾಡಿದ ದಿನಾಂಕಗಳನ್ನೂ ಹಾಕಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಿಲ್ ಬಗ್ಗೆ ದೂರು ಬಂದರೆ 30 ದಿನದೊಳಗೆ ವಿವರಣೆ ಕೊಡಬೇಕು, ಅಗತ್ಯವಿದ್ದರೆ ದಾಖಲೆಯನ್ನೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತೆ. ಉಚಿತ ಅಂತ ಕೊಟ್ಟ ಕಾರ್ಡಿನಲ್ಲಿ ಮುಚ್ಚಿಟ್ಟ ಶುಲ್ಕ ಇರಬಾರದು. ಕಟ್ಟದ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಈ ಎರಡನ್ನೂ ಅದೇ ಇಮೇಲ್‌ನಲ್ಲಿ ಕೇಳಿ.

ಒಂದು ಮಾತು ಬಿಚ್ಚಿ ಹೇಳಬೇಕು. ಕಾರ್ಡಿನ ಜೊತೆ ಬಂದ ಕಾಗದವನ್ನು ಹುಡುಕಿ ಓದಿ. ‘ಮೊದಲ ವರ್ಷ ಮಾತ್ರ ಉಚಿತ’ ಅಂತಿದ್ದರೆ ಆ ಹುಡುಗನ ಬಾಯಿಮಾತನ್ನು ಸಾಬೀತು ಮಾಡೋದು ಕಷ್ಟ. ಆಗ 588.82 ಕಟ್ಟಿ, ದಂಡಕ್ಕೆ ಮಾತ್ರ ಜಗಳ ಮಾಡಿ. ಆದರೆ ಅವನು ಕಳಿಸಿದ ಒಂದು ವಾಟ್ಸಾಪ್ ಮೆಸೇಜ್ ಸಿಕ್ಕಿದರೂ ನಿಮ್ಮ ಕೈ ಮೇಲಾಗುತ್ತೆ. ದಯವಿಟ್ಟು ಅಳಿಸಬೇಡಿ.

30 ದಿನ ಕಳೆದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಬಗೆಹರಿಸುವ ಅಧಿಕಾರಿಗೆ, ಬರೆಯಿರಿ. ಸಿಎಂಎಸ್ ಅನ್ನೋ ಅವರ ದೂರಿನ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಒಂದು ರೂಪಾಯಿ ಖರ್ಚಿಲ್ಲ. ಗೊತ್ತಾಗದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಕೇಳಿ. ವಕೀಲರಿಗೆ ದುಡ್ಡು ಸುರಿಯಬೇಡಿ.

ಸಿಬಿಲ್ ವಿಷಯಕ್ಕೆ ಬೇರೆಯಾಗಿ ದೂರು ಕೊಡಿ. ವರ್ಷಕ್ಕೊಂದು ಸಿಬಿಲ್ ವರದಿ ಉಚಿತವಾಗಿ ಸಿಗುತ್ತೆ, ಅದರಲ್ಲಿ ಈ ಬಾಕಿಯನ್ನು ಗುರುತಿಸಿ ತಕರಾರು ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ಅವರು ನಿಮಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕಾಗುತ್ತೆ. ತಕರಾರು ಹಾಕಿದ ರಸೀದಿಯನ್ನು ಸಾಲ ಕೇಳಿದ ಮ್ಯಾನೇಜರಿಗೂ ತೋರಿಸಿ. ಎಷ್ಟೋ ಜನ ಅದನ್ನು ತೋರಿಸುವುದೇ ಇಲ್ಲ.

ಬಾಕಿ ಸೊನ್ನೆ ಆದ ಮೇಲೆ ಖಾತೆ ಮುಚ್ಚಿ ಅಂತ ಬರೆದು ಕೊಡಿ. ಏಳು ಕೆಲಸದ ದಿನದಲ್ಲಿ ಮುಚ್ಚದಿದ್ದರೆ ಕಂಪನಿಯೇ ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು. ಮುಚ್ಚಿದ್ದಕ್ಕೆ ಬಂದ ಇಮೇಲ್‌ನ ಪ್ರಿಂಟ್ ತೆಗೆಸಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಳ್ಳಿ.