ಪ್ರಶಾಂತ ಕೇಳಿದ ಕೌಂಟಿ ದಾಖಲೆ

ಪ್ರಿಯ ಪ್ರಶಾಂತ,

ನಿನ್ನ ಪತ್ರ ಓದಿದೆ. ಟೆಕ್ಸಾಸ್‌ನ ಇರ್ವಿಂಗ್‌ಗೆ ಬಂದು ಸಾಮಾನು ಬಿಚ್ಚುವ ಮೊದಲೇ ಮಗುವನ್ನು ನೋಡಿಕೊಳ್ಳುವವರ ಹುಡುಕಾಟ ಶುರುವಾಗಿದೆ ಎಂದರೆ ನಿನ್ನ ಹೆಂಡತಿಗೂ ಕೆಲಸ ಸಿಕ್ಕಿತು ಎಂದಾಯಿತು. ಸಂತೋಷ. ಪಕ್ಕದ ಮನೆಯವರು ಹೇಳಿದ ಹೆಂಗಸು ಈಗ ಪ್ಲೇನೋದಲ್ಲಿದ್ದಾಳೆ, ಮೊದಲು ಹ್ಯೂಸ್ಟನ್‌ನಲ್ಲಿದ್ದಳು, ಮಾತಿನಲ್ಲಿ ಒಳ್ಳೆಯವಳು ಎಂದು ಬರೆದಿದ್ದೀಯೆ. ಕಚೇರಿಯಲ್ಲಿ ಯಾರೋ "ಕೌಂಟಿಯ ಜಾಲತಾಣದಲ್ಲಿ ಹೆಸರು ಹಾಕಿದರೆ ಸಾಕು, ಕೋರ್ಟು ಕೇಸು ಇದ್ದರೆ ಅದೂ ಸೇರಿ ಜಾತಕವೆಲ್ಲ ಹೊರಬೀಳುತ್ತದೆ" ಎಂದರಂತೆ. ಅದು ನಿಜವೇ, ಕದ್ದು ನೋಡಿದ ಹಾಗಾಗುವುದಿಲ್ಲವೇ, ಎಲ್ಲಿ ನೋಡಬೇಕು ಎಂದು ಕೇಳಿದ್ದೀಯೆ. ಜೊತೆಗೆ ಶಾಲೆ, ಕಾರಿನ ವಿಮೆ, ಚಳಿಗೆ ಎಂಥ ಕೋಟು. ಶಾಲೆಯ ಮಾತು ಮಗುವಿಗೆ ಹಲ್ಲು ಬಂದ ಮೇಲೆ ಆಡೋಣ. ವಿಮೆಗೆ ಮೂರು ನಾಲ್ಕು ಕಡೆ ದರ ಕೇಳು. ಕೋಟು ಇಲ್ಲೇ ಕೊಂಡುಕೊ, ಊರಿನಿಂದ ತಂದದ್ದು ಇಲ್ಲಿನ ಗಾಳಿಗೆ ಸಾಲದು.

ಇನ್ನು ದಾಖಲೆ. ನಿನ್ನ ಸಹೋದ್ಯೋಗಿ ಹೇಳಿದ್ದು ಅರ್ಧ ನಿಜ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಕೋರ್ಟಿನ ಕಡತ ಇಲ್ಲಿ ಸಾರ್ವಜನಿಕರದು. ಅಪ್ರಾಪ್ತರ ಪ್ರಕರಣಗಳನ್ನೂ ನ್ಯಾಯಾಧೀಶರು ಮುಚ್ಚಿಡಲು ಆದೇಶಿಸಿದವನ್ನೂ ಬಿಟ್ಟರೆ ಉಳಿದದ್ದನ್ನು ಯಾರು ಬೇಕಾದರೂ ಕಾರಣ ಹೇಳದೆ ಕೇಳಬಹುದು. ಊರಿನಲ್ಲಾದರೆ ಇಂಥದ್ದಕ್ಕೆ ಮೊದಲು ನೆನಪಾಗುವುದು ಪೊಲೀಸ್ ಠಾಣೆ, ಅದೂ ಪರಿಚಯದ ಪೇದೆ ಒಬ್ಬ ಇದ್ದರೆ. ಇಲ್ಲಿ ಠಾಣೆಯನ್ನು ಮರೆತುಬಿಡು. ಹಿಡಿದವರು ಪೊಲೀಸರೇ ಆದರೂ ಆಮೇಲೆ ಏನಾಯಿತು ಎಂಬುದು ಇರುವುದು ಕೋರ್ಟಿನ ಕ್ಲರ್ಕ್ ಬಳಿ.

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಈ ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ನಮ್ಮ ಜಿಲ್ಲೆ ಎಂದುಕೊ, ಆದರೆ ಮೇಲಿನಿಂದ ವರ್ಗವಾಗಿ ಬಂದ ಜಿಲ್ಲಾಧಿಕಾರಿ ಇಲ್ಲ. ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥ, ಸರ್ಕಾರಿ ವಕೀಲ, ನ್ಯಾಯಾಧೀಶ, ಕೊನೆಗೆ ಕಡತ ಕಾಯುವ ಕ್ಲರ್ಕ್ ಕೂಡ ಇಲ್ಲಿ ಚುನಾವಣೆ ಗೆದ್ದು ಬಂದವರೇ. ಹಾಗಾಗಿ ಒಂದು ಕೌಂಟಿಯ ಪದ್ಧತಿ ಪಕ್ಕದ ಕೌಂಟಿಯಲ್ಲಿ ನಡೆಯುವುದಿಲ್ಲ, ಜಾಲತಾಣವೂ ಬೇರೆ. ನೀನಿರುವ ಇರ್ವಿಂಗ್ ಡಲ್ಲಾಸ್ ಕೌಂಟಿಗೆ ಸೇರಿದ್ದು. ಪ್ಲೇನೋದ ಬಹುಪಾಲು ಕಾಲಿನ್ ಕೌಂಟಿಯಲ್ಲಿದೆ. ಫ್ರಿಸ್ಕೊವನ್ನು ಕಾಲಿನ್ ಮತ್ತು ಡೆಂಟನ್ ಹಂಚಿಕೊಂಡಿವೆ. ಫೋರ್ಟ್‌ವರ್ತ್ ಕಡೆಗೆ ಹೋದರೆ ಟ್ಯಾರಂಟ್. ಪ್ರಕರಣ ದಾಖಲಾಗುವುದು ಅಪರಾಧ ನಡೆಯಿತೆನ್ನುವ ಕೌಂಟಿಯಲ್ಲೇ ಹೊರತು ಆರೋಪಿಯ ಮನೆ ಇರುವ ಕೌಂಟಿಯಲ್ಲಲ್ಲ. ಆದ್ದರಿಂದ ಆಕೆಯ ಹೆಸರನ್ನು ಈ ನಾಲ್ಕರಲ್ಲೂ, ಹ್ಯೂಸ್ಟನ್‌ನ ಹ್ಯಾರಿಸ್ ಕೌಂಟಿಯಲ್ಲೂ ಹುಡುಕಬೇಕು. ಮದುವೆಗೆ ಮೊದಲು ಬೇರೆ ಹೆಸರಿದ್ದರೆ ಅದನ್ನೂ.

ದೊಡ್ಡ ಅಪರಾಧಗಳ, ಅಂದರೆ ಫೆಲನಿಯ, ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಇರುತ್ತದೆ. ಅದಕ್ಕಿಂತ ಸಣ್ಣ ಅಪರಾಧಗಳಿಗೆ ಮಿಸ್‌ಡಿಮೀನರ್ ಎನ್ನುತ್ತಾರೆ; ಅವುಗಳಲ್ಲಿ ಎ ಮತ್ತು ಬಿ ದರ್ಜೆಯವು ಡಲ್ಲಾಸ್‌ನಂಥ ಕಡೆ ಕೌಂಟಿ ಕ್ಲರ್ಕ್ ಬಳಿ, ಹ್ಯಾರಿಸ್‌ನಂಥ ಕಡೆ ಅವೂ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿಯೇ. ಸಿ ದರ್ಜೆಯವು, ಅಂದರೆ ಸಂಚಾರ ನಿಯಮದ ದಂಡ, 100 ಡಾಲರಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ ಇತ್ಯಾದಿ, ನಗರದ ಕೋರ್ಟಿಗೋ ಜಸ್ಟಿಸ್ ಆಫ್ ದಿ ಪೀಸ್ ಎಂಬ ಕೆಳಹಂತದ ಕೋರ್ಟಿಗೋ ಹೋಗುತ್ತವೆ; ಮೇಲಿನ ಇಬ್ಬರ ಬಳಿ ಹುಡುಕಿದರೆ ಸಿಗಲಾರವು. ಕೇಂದ್ರ ಸರ್ಕಾರದ ಕಾನೂನು ಮುರಿದ ಪ್ರಕರಣ ಫೆಡರಲ್ ಕೋರ್ಟಿನದು, ಅದಕ್ಕೆ ಪೇಸರ್ ಎಂಬ ಜಾಲತಾಣವಿದೆ. ಪುಟಕ್ಕೆ 10 ಸೆಂಟ್, ಮೂರು ತಿಂಗಳಿಗೆ 30 ಡಾಲರ್ ದಾಟದಿದ್ದರೆ ಮನ್ನಾ. ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯಲ್ಲಿ ಇಡೀ ಟೆಕ್ಸಾಸ್‌ನ ಶಿಕ್ಷೆಗಳನ್ನು ಸಣ್ಣ ಶುಲ್ಕಕ್ಕೆ ನೋಡಬಹುದು. ಕೌಂಟಿಗಳು ಅಲ್ಲಿಗೆ ಕಳುಹಿಸಿದ್ದಷ್ಟೇ ಅದರಲ್ಲಿರುತ್ತದೆ. ಮಗುವಿನ ವಿಷಯವಾದ್ದರಿಂದ ಲೈಂಗಿಕ ಅಪರಾಧಿಗಳ ನೋಂದಣಿ ಪಟ್ಟಿಯನ್ನೂ ನೋಡು. ಅದು ಉಚಿತ, ದೇಶಕ್ಕೆಲ್ಲ ಒಂದೇ ಕಡೆ ಹುಡುಕಬಹುದು.

ಹುಡುಕಿದಾಗ ಏನು ಕಾಣುತ್ತದೆ? ಡಲ್ಲಾಸ್‌ನಲ್ಲಾದರೆ ಪ್ರಕರಣದ ಸಂಖ್ಯೆ ಎಫ್ ಅಕ್ಷರದಿಂದ ಶುರುವಾದರೆ ಫೆಲನಿ, ಎಂಎ ಅಥವಾ ಎಂಬಿ ಎಂದಿದ್ದರೆ ಮಿಸ್‌ಡಿಮೀನರ್. ಪಕ್ಕದಲ್ಲಿ "ಟೆಕ್ಸಾಸ್ ರಾಜ್ಯ ವಿರುದ್ಧ ಇಂಥವರು", ಆರೋಪ, ದಾಖಲಾದ ದಿನ, ಜಾಮೀನಿನ ಮೊತ್ತ. ಇಷ್ಟು ಓದುವಷ್ಟರಲ್ಲೇ ನಮ್ಮವರು ಬೆವರಿ ಕಂಪ್ಯೂಟರ್ ಮುಚ್ಚುತ್ತಾರೆ. ಮುಚ್ಚಬೇಡ. ಕೆಳಗೆ ಇತ್ಯರ್ಥದ ಸಾಲು ಒಂದಿರುತ್ತದೆ. ಅಲ್ಲಿ ಶಿಕ್ಷೆಯಾಯಿತು ಎಂದಿದೆಯೋ, ಖುಲಾಸೆ ಎಂದೋ, ವಜಾ ಎಂದೋ, ಇನ್ನೂ ನಡೆಯುತ್ತಿದೆ ಎಂದೋ ನೋಡು. ಆ ಸಾಲು ಓದದವನು ಏನನ್ನೂ ಓದಿದಂತಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಇಲ್ಲಿಗೆ ಬಂದದ್ದು 1998ರಲ್ಲಿ. ನನ್ನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ರವಿಕುಮಾರ್ ಎಂಬ ಒಂದೇ ಹೆಸರು. ಮನೆತನದ ಹೆಸರು ನಮ್ಮಲ್ಲಿ ಯಾರಿಗಿದೆ? ಹಾಗೆ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂದು ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ. ಅಲ್ಲಿಂದ ಅದು ಬ್ಯಾಂಕಿಗೆ, ಚಾಲನಾ ಪರವಾನಗಿಗೆ ಅಂಟಿಕೊಳ್ಳುತ್ತದೆ. 2001ರಲ್ಲಿ, ರಿಚರ್ಡ್‌ಸನ್‌ನ ಟೆಲಿಕಾಂ ಕಂಪನಿಗಳು ಜನರನ್ನು ಮನೆಗೆ ಕಳುಹಿಸುತ್ತಿದ್ದ ಕಾಲದಲ್ಲಿ, ನನ್ನ ಕೆಲಸ ಹೇಗೋ ಉಳಿದಿತ್ತು. ನಿನ್ನ ಅತ್ತೆ ಹಾಸನದಿಂದ ಬರುವವಳಿದ್ದಳು, ಅವಳಿಗಾಗಿ ಒಂದು ಒಳ್ಳೆಯ ಅಪಾರ್ಟ್‌ಮೆಂಟು ನೋಡಿ ಅರ್ಜಿ ಹಾಕಿದೆ. ಉತ್ತರ: ಕೊಡಲಾಗುವುದಿಲ್ಲ, ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣವಿದೆ.

ಪಕ್ಕದ ಕೌಂಟಿಯ ಕೋರ್ಟಿಗೆ ಹೋದೆ. ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಇಳಿಬಿಟ್ಟ ಅಜ್ಜಿಯೊಬ್ಬರು ಕಿಟಕಿಯಾಚೆ ಇದ್ದರು. ಪ್ರಕರಣದ ಸಂಖ್ಯೆ ಹೇಳಿದೊಡನೆ ಒಳಗಿನಿಂದ ಕಂದು ಬಣ್ಣದ ಕಡತ ತಂದು, ಬಂಧಿಸಿದ ದಿನ ತುಂಬಿದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಹೆಸರು ಎಫ್‌ಎನ್‌ಯು ರವಿಕುಮಾರ್. ಎತ್ತರ ಆರಡಿ ಒಂದಂಗುಲ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು; ನನ್ನ ಎತ್ತರ ನಿನಗೇ ಗೊತ್ತಲ್ಲ. ಹುಟ್ಟಿದ ವರ್ಷವೂ ಬೇರೆ. ದಿನಸಿ ಅಂಗಡಿಗೆ ಆತ ಕೊಟ್ಟ ಚೆಕ್ಕಿಗೆ ಬ್ಯಾಂಕಿನಲ್ಲಿ ಹಣವಿರಲಿಲ್ಲ, ಅಷ್ಟೇ ಪ್ರಕರಣ. ಕೊನೆಯ ಹಾಳೆಯಲ್ಲಿ ಹಣ ಕಟ್ಟಿದ್ದಾರೆ, ಪ್ರಕರಣ ವಜಾ ಎಂದಿತ್ತು. ಅಂದರೆ ನನ್ನದಲ್ಲದ ತಪ್ಪಿಗೆ ನನಗೆ ಮನೆ ತಪ್ಪಿತ್ತು, ಆ ಮನುಷ್ಯನ ಮೇಲೂ ಏನೂ ಉಳಿದಿರಲಿಲ್ಲ. ಮುದ್ರೆ ಒತ್ತಿದ ನಕಲನ್ನು ಹಿಡಿದು ಹೋಗುವಷ್ಟರಲ್ಲಿ ಅಪಾರ್ಟ್‌ಮೆಂಟು ಬೇರೆಯವರ ಪಾಲಾಗಿತ್ತು. ಬೇರೆ ಕಡೆ ಸಿಕ್ಕಿತು, ಈಗ ಸ್ವಂತ ಮನೆಯೂ ಆಗಿದೆ, ಅದಿರಲಿ. ಕಡತದಲ್ಲಿ ಆತನ ವಿಳಾಸವಿತ್ತು. ವಜಾ ಆದ ಪ್ರಕರಣವನ್ನು ದಾಖಲೆಯಿಂದಲೇ ಅಳಿಸಿಹಾಕಲು ಟೆಕ್ಸಾಸ್‌ನಲ್ಲಿ ಕೋರ್ಟನ್ನು ಕೇಳಬಹುದು. "ಸ್ವಾಮಿ, ನಿಮ್ಮ ಹೆಸರಿಗೆ ಇದು ಇನ್ನೂ ಅಂಟಿಕೊಂಡಿದೆ, ಅಳಿಸಿಕೊಳ್ಳಿ" ಎಂದು ಒಂದು ಕಾಗದ ಹಾಕಬಹುದಿತ್ತು. ನಮ್ಮ ಕಡೆಯವನೇ ಇರಬೇಕು, ಕನ್ನಡದಲ್ಲೇ ಬರೆದಿದ್ದರೂ ನಡೆಯುತ್ತಿತ್ತೋ ಏನೋ. ಬರೆಯಲಿಲ್ಲ. ಆ ವಿಳಾಸದ ರಸ್ತೆಯಲ್ಲಿ ಹೋಗುವಾಗಲೆಲ್ಲ ನೆನಪಾಗುತ್ತದೆ.

ಹಣ ಕೊಟ್ಟು ಕಂಪನಿಯಿಂದ ಮಗುವನ್ನು ನೋಡಿಕೊಳ್ಳುವ ಆಕೆಯ ಹಿನ್ನೆಲೆ ತರಿಸುವುದಾದರೆ ಬೇರೆ ನಿಯಮ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯಂತೆ ಕೆಲಸಕ್ಕೆ ಇಟ್ಟುಕೊಳ್ಳುವಾಗ ಆಕೆಗೆ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಬೇಡ ಎನ್ನುವ ಮೊದಲು ವರದಿಯ ಪ್ರತಿಯನ್ನು ಕೊಡಬೇಕು. ಹಾಗೆ ಯಾರಾದರೂ ನಿನ್ನನ್ನು ತಿರಸ್ಕರಿಸಿದರೆ 60 ದಿನಗಳೊಳಗೆ ಆ ಕಂಪನಿಯಿಂದ ವರದಿಯನ್ನು ಉಚಿತವಾಗಿ ಕೇಳಬಹುದು. ತಪ್ಪೆಂದು ತಕರಾರು ಹಾಕಿದರೆ ಅವರು ಸಾಮಾನ್ಯವಾಗಿ 30 ದಿನಗಳಲ್ಲಿ ಪರಿಶೀಲಿಸಬೇಕು. ಕೆಲವೇ ಡಾಲರಿಗೆ ಎಲ್ಲರ ಗುಟ್ಟು ಹೇಳುತ್ತೇವೆನ್ನುವ ಜಾಲತಾಣಗಳ ಹತ್ತಿರ ಹೋಗಬೇಡ. ಕೆಲಸಕ್ಕೆ, ಬಾಡಿಗೆಗೆ ಇದನ್ನು ಬಳಸಬಾರದು ಎಂದು ಅವರೇ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿರುತ್ತಾರೆ.

ಕ್ಯಾಲಿಫೋರ್ನಿಯಾಕ್ಕೆ ಹೋಗುವ ಆಸೆ ಇದೆ ಎಂದೂ ಬರೆದಿದ್ದೀಯೆ. ಅಲ್ಲಿನ 58 ಕೌಂಟಿಗಳಲ್ಲಿ ಕ್ರಿಮಿನಲ್ ಕಡತದ ಹಾಳೆಗಳನ್ನು ಸಾರ್ವಜನಿಕರು ಮನೆಯಿಂದ ತೆರೆಯಲು ನಿಯಮ ಬಿಡುವುದಿಲ್ಲ, ಕೋರ್ಟಿಗೇ ಹೋಗಬೇಕು. ಮೇಲಾಗಿ 2021ರಲ್ಲಿ ರಿವರ್‌ಸೈಡ್ ಕೌಂಟಿಯ ಒಂದು ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ, ಕೋರ್ಟಿನ ಜಾಲತಾಣದಲ್ಲಿ ಹುಟ್ಟಿದ ದಿನ ಅಥವಾ ಚಾಲನಾ ಪರವಾನಗಿಯ ಸಂಖ್ಯೆ ಹಾಕಿ ಹುಡುಕಲು ಬಿಡಬಾರದು ಎಂದಿತು. ಉಳಿದದ್ದು ಬರೀ ಹೆಸರು. ಊರಿನ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಸನ ಜಿಲ್ಲೆಯ ಮಂಜುನಾಥರನ್ನು ಹುಡುಕಿ ನೋಡು, ಬರೀ ಹೆಸರು ಎಂದರೆ ಏನೆಂದು ತಿಳಿಯುತ್ತದೆ.

ಆಕೆಯ ಪೂರ್ತಿ ಹೆಸರು, ಹುಟ್ಟಿದ ದಿನ, ವಾಸವಿದ್ದ ಊರುಗಳನ್ನು ಆಕೆಯನ್ನೇ ಕೇಳು. ಹಿಂದೆ ಕೆಲಸ ಮಾಡಿದ ಎರಡು ಮನೆಯವರೊಂದಿಗೆ ಮಾತಾಡು. ನಿಮ್ಮ ತಾಯಿ ಮನೆಗೆಲಸದವರನ್ನು ಗೊತ್ತು ಮಾಡಿಕೊಳ್ಳುತ್ತಿದ್ದ ಹಾಗೆ ಒಂದು ವಾರ ಮನೆಯಲ್ಲಿದ್ದುಕೊಂಡೇ ನೋಡು. ಕಡತದಲ್ಲಿ ಏನೂ ಸಿಗದಿದ್ದರೆ, ಆ ಕೌಂಟಿಯಲ್ಲಿ ಆ ಹೆಸರಿನಲ್ಲಿ ಏನೂ ಇಲ್ಲ ಎಂದಷ್ಟೇ ಲೆಕ್ಕ.

ನಿನಗೂ ಒಂದು ಮಾತು. ಇಲ್ಲಿ ಸಣ್ಣ ಪ್ರಕರಣಗಳಲ್ಲಿ ಡಿಫರ್ಡ್ ಅಡ್ಜುಡಿಕೇಷನ್ ಎಂದು ಒಪ್ಪಂದಕ್ಕೆ ಕರೆಯುತ್ತಾರೆ: ತಪ್ಪೊಪ್ಪಿಕೊ, ಸ್ವಲ್ಪ ಕಾಲ ಸರಿಯಾಗಿರು, ಶಿಕ್ಷೆ ಎಂದು ಬರೆಯುವುದಿಲ್ಲ ಎಂದು. ಟೆಕ್ಸಾಸ್‌ನ ಲೆಕ್ಕದಲ್ಲಿ ಅದು ಸರಿ. ವಲಸೆ ಕಾನೂನಿನ ಲೆಕ್ಕದಲ್ಲಿ ಅದೂ ಶಿಕ್ಷೆಯೇ. ದೇವರು ಅಂಥ ಸಂದರ್ಭ ತರದಿರಲಿ. ಬಂದರೆ ವಲಸೆ ವಕೀಲರನ್ನು ಕೇಳದೆ ಸಹಿ ಹಾಕಬೇಡ.

ನಿನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ಎಂದು ಬರೆ. ಆಕೆಯದನ್ನು ಹುಡುಕುವ ದಿನವೇ ಆ ಕೌಂಟಿಗಳಲ್ಲಿ ನಿನ್ನ ಹೆಸರನ್ನೂ ಹುಡುಕು. ಇನ್ನೊಬ್ಬ ಪ್ರಶಾಂತ ಸಿಕ್ಕರೆ ಅವನ ಪ್ರಕರಣದ ಸಂಖ್ಯೆ, ಹುಟ್ಟಿದ ವರ್ಷ ಬರೆದಿಟ್ಟುಕೊ. ಮುಂದಿನ ಬಾಡಿಗೆ ಮನೆಗೆ ಅರ್ಜಿ ಹಾಕುವಾಗ ಬೇಕಾದೀತು. ಮಗುವಿಗೆ ಆಶೀರ್ವಾದ.

ರವಿ ಮಾಮ