ಹಿಸ್ಟೋನ್ ಒಂದರಿಂದಲೇ ಕ್ರೋಮೋಸೋಮ್ ಆಗುವುದಿಲ್ಲ

ನಮ್ಮ ಒಂದು ಕೋಶದಲ್ಲಿರುವ ಎರಡು ಮೀಟರ್ ಉದ್ದದ ಡಿಎನ್‌ಎಯನ್ನು ಹಿಸ್ಟೋನ್ ಎಂಬ ಪ್ರೋಟೀನ್‌ಗಳೇ ಸುತ್ತಿ ಕ್ರೋಮೋಸೋಮ್ ಮಾಡುತ್ತವೆಯೇ, ಅದು ಗಂಟು ಬೀಳುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಇಂಥ ಪ್ರಶ್ನೆ ಬಂದರೆ ನನಗೆ ಖುಷಿ, ಏಕೆಂದರೆ ಪಠ್ಯದ ಚಿತ್ರ ಅರ್ಧ ದಾರಿಗೇ ನಿಂತುಬಿಡುತ್ತದೆ.

ಹಿಸ್ಟೋನ್‌ಗಳದ್ದು ಮೊದಲ ಹಂತದ ಕೆಲಸ. ಎಂಟು ಹಿಸ್ಟೋನ್ ಸೇರಿದ ಉಂಡೆಗೆ 147 ಬೇಸ್ ಜೋಡಿಗಳಷ್ಟು (ಡಿಎನ್‌ಎ ಏಣಿಯ ಮೆಟ್ಟಿಲುಗಳೆನ್ನಿ) ಡಿಎನ್‌ಎ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತದೆ. ಇದರಿಂದ ಉದ್ದ ಸುಮಾರು ಏಳನೇ ಒಂದು ಪಾಲಿಗೆ ಇಳಿದೀತು, ಅಷ್ಟೇ. ಕೋಶ ವಿಭಜನೆಗೆ ಅದು ಏನೇನೂ ಸಾಲದು.

ಮುಂದಿನ ಕೆಲಸ ಕಂಡೆನ್ಸಿನ್ ಎಂಬ ಪ್ರೋಟೀನ್ ಸಂಕೀರ್ಣದ್ದು. ವಿಜ್ಞಾನಿ ತತ್ಸುಯಾ ಹಿರಾನೊ ಅವರ ತಂಡ 1997ರಲ್ಲಿ ಕಪ್ಪೆಯ ಮೊಟ್ಟೆಯ ಸಾರದಲ್ಲಿ ಇದನ್ನು ಗುರುತಿಸಿತು. 2017ರಲ್ಲಿ ಅವರದೇ ತಂಡ, ಹಿಸ್ಟೋನ್ ಉಂಡೆಗಳು ಹೆಚ್ಚುಕಡಿಮೆ ಇಲ್ಲದಿದ್ದರೂ ಕ್ರೋಮೋಸೋಮಿನಂಥ ರಚನೆ ಮೂಡುತ್ತದೆಂದು ತೋರಿಸಿತು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರವಿಲ್ಲ.

ಕಂಡೆನ್ಸಿನ್ ಮಾಡುವುದೇನು? ಕಾರವಾರದ ಬೈತಖೋಲ ಬಂದರಿನಲ್ಲಿ ಹಗ್ಗದ ಒಂದು ಕಡೆಯನ್ನು ಗಟ್ಟಿ ಹಿಡಿದು ಇನ್ನೊಂದು ಕಡೆಯಿಂದ ಎಳೆದೆಳೆದು ಕುಣಿಕೆ ದೊಡ್ಡದು ಮಾಡುವವರನ್ನು ನೆನೆಸಿಕೊಳ್ಳಿ. ಡಿಎನ್‌ಎಯ ಒಂದು ಜಾಗಕ್ಕೆ ಅದು ಅಂಟಿ ನಿಲ್ಲುತ್ತದೆ, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡುತ್ತ ಒಂದೇ ಬದಿಯಿಂದ ಎಳೆಯುತ್ತದೆ. 2018ರಲ್ಲಿ ಡೆಲ್ಫ್ಟ್ ಮತ್ತು ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಡಿಎನ್‌ಎಯ ಎರಡೂ ತುದಿಗಳನ್ನು ಗಾಜಿಗೆ ಅಂಟಿಸಿ, ಯೀಸ್ಟ್‌ನ ಕಂಡೆನ್ಸಿನ್ ಹಾಕಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಹೊಳೆಯುವ ಒಂದು ಚುಕ್ಕೆ ಬೆಳೆಯುತ್ತ ಕುಣಿಕೆಯಾಗುತ್ತದೆ; ವೇಗ ಸೆಕೆಂಡಿಗೆ 1500 ಬೇಸ್ ಜೋಡಿಗಳವರೆಗೆ. ಇಂಥ ಕುಣಿಕೆಗಳು ಒತ್ತೊತ್ತಾಗಿ ಸೇರಿದರೆ ಕ್ರೋಮೋಸೋಮ್ ಗಿಡ್ಡವೂ ದಪ್ಪವೂ ಆಗುತ್ತದೆ.

ಕಂಡೆನ್ಸಿನ್‌ನ ಬಂಧು ಕೊಹೆಸಿನ್ ಎಂಬ ಇನ್ನೊಂದು ಪ್ರೋಟೀನ್ ಸಂಕೀರ್ಣ. ವಿಭಜನೆ ಇಲ್ಲದ ಹೊತ್ತಿನಲ್ಲೂ ಅದು ಕುಣಿಕೆ ಎಳೆಯುತ್ತದೆ, ಸಿಟಿಸಿಎಫ್ ಪ್ರೋಟೀನ್ ಕೂತ ಜಾಗದಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಕ್ರೋಮೋಸೋಮ್ ನಕಲಾದಾಗ ಸಿಗುವ ಎರಡು ಪ್ರತಿಗಳನ್ನು, ಅಂದರೆ ಕ್ರೊಮ್ಯಾಟಿಡ್‌ಗಳನ್ನು, ಜೊತೆಗೆ ಹಿಡಿದಿಡುವುದೂ ಅದೇ. ಕುಮಟಾ ಈರುಳ್ಳಿಯ ಬೇರಿನ ತುದಿಯನ್ನು ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ರೋಮೋಸೋಮ್‌ಗಳು ಕೋಶದ ನಡುವೆ ಸಾಲುಗೂಡುವ ಮೆಟಾಫೇಸ್ ಹಂತದಲ್ಲಿ 16 ಕ್ರೋಮೋಸೋಮ್‌ಗಳು ಎಣಿಸಲು ಸಿಗುತ್ತವೆ. ಕ್ರೊಮ್ಯಾಟಿಡ್‌ಗಳು ಬೇರೆಯಾಗುವ ಅನಾಫೇಸ್ ಹಂತಕ್ಕೆ ಹೋದ ಕೋಶ ಸಿಕ್ಕರೆ, ಅಲ್ಲಿ ಸೆಪರೇಸ್ ಎಂಬ ಕಿಣ್ವ ಕೊಹೆಸಿನ್ ಕತ್ತರಿಸಿ ಆಗಿದೆ ಎಂದರ್ಥ.

ಇನ್ನು ಗಂಟಿನ ವಿಷಯ. ಖಂಡಿತ ಬೀಳುತ್ತದೆ! ಟೋಪೋಐಸೋಮರೇಸ್ 2 ಎಂಬ ಕಿಣ್ವ ಡಿಎನ್‌ಎಯ ಎರಡೂ ಎಳೆ ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದು ಡಿಎನ್‌ಎಯನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಅದನ್ನು ತಡೆದರೆ ಅಕ್ಕತಂಗಿ ಕ್ರೊಮ್ಯಾಟಿಡ್‌ಗಳು ಸಿಕ್ಕಿಕೊಂಡೇ ಉಳಿಯುತ್ತವೆ; ಕೆಲವು ಕ್ಯಾನ್ಸರ್ ಔಷಧಿಗಳು ಗುರಿಯಿಡುವುದೂ ಈ ಕಿಣ್ವದ ಮೇಲೆಯೇ.