ಆಟೋಮ್ಯಾಟಿಕ್ ಪಿಕಪ್‌ನ ಗೇರ್ ಆಯಿಲ್: ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಆಟೋಮ್ಯಾಟಿಕ್ ಗೇರ್‌ನ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದೇನೆ. 75,000 ಕಿಲೋಮೀಟರ್ ಓಡಿದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಮುಟ್ಟಿಲ್ಲ. ಅದು ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ ಅಂತ ಒಬ್ಬರು ಹೇಳುತ್ತಾರೆ. ಮೆಷಿನ್ ಹಾಕಿ ಫ್ಲಶ್ ಮಾಡಿಸಿ ಅಂತ ಇನ್ನೊಬ್ಬರು. ಇಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು, ಖಂಡಿತ ಮಾಡಿ. ಇಂಜಿನ್ ಆಯಿಲ್ ಬದಲಾಯಿಸಿ ಅಭ್ಯಾಸ ಇರುವವರಿಗೆ ಇದು ದೊಡ್ಡ ಕೆಲಸ ಅಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಇದು ಪೂರ್ತಿ ಬೇರೆ. ಇಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಎರಡು ಗೆರೆಗಳ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಹಾಗಲ್ಲ, ಮಟ್ಟ ಸರಿಯಾಗಿ ಕೂರಲೇಬೇಕು. ಯಾಕೆಂದರೆ ಅಲ್ಲಿ ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಇಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ಗೇರಿಗೆ ದಾಟಿಸುವುದು ಆ ಆಯಿಲ್ಲೇ. ಒತ್ತಡ ಕೊಟ್ಟು ಕ್ಲಚ್ ಪ್ಲೇಟ್ ಹಿಡಿಸುವುದೂ ಅದೇ, ಬಿಸಿಯನ್ನು ಹೊತ್ತು ಕೂಲರ್‌ಗೆ ಒಯ್ಯುವುದೂ ಅದೇ. ಮಟ್ಟ ಕಡಿಮೆಯಾದರೆ ಏರಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ, ಪ್ಲೇಟ್ ಜಾರಿ ಸುಡುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆ ಅಂದರೆ ಗಾಳಿಯೇ ಅಲ್ವಾ? ತೊಂದರೆ ಮತ್ತೆ ಅದೇ.

ಈ ಲೈಫ್‌ಟೈಮ್ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಝಡ್‌ಎಫ್ ಕಂಪನಿ ಎಷ್ಟೋ ಕಾರು ಕಂಪನಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅಂತ ಅದೇ ಹೇಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಭಾರ ಎಳೆಯುವ, ಗುಡ್ಡಗಾಡಿನಲ್ಲಿ ಓಡುವ ಗಾಡಿಗೆ ಬೇರೆ ಲೆಕ್ಕ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಅದೇ ನಿಮ್ಮ ಲೆಕ್ಕ. ಗೊಬ್ಬರದ ಮೂಟೆ ತುಂಬಿಕೊಂಡು ಸಂಪಾಜೆ ಘಾಟಿ ಹತ್ತುವ ಗಾಡಿಗೂ, ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರುವ ಗಾಡಿಗೂ ಒಂದೇ ಲೆಕ್ಕ ಹೇಗೆ ಹಾಕುತ್ತೀರಿ? ಈ ಆಯಿಲ್ಲಿನ ಆಯುಸ್ಸು ತಿನ್ನುವುದು ಬಿಸಿ. ಘಾಟಿ ಅಂದರೇ ಬಿಸಿ.

ಇನ್ನು ಜಾಗದ ಮಾತು. ತೋಟದವರಿಗೆ ಕಾಫಿ ಕಣ ಇದೆ, ಗ್ಯಾರೇಜ್‌ಗಿಂತ ಚೆನ್ನಾದ ಜಾಗ. ಆದರೆ ಕಣ ಪೂರ್ತಿ ಸಮತಟ್ಟು ಅಂದುಕೊಳ್ಳಬೇಡಿ. ಮಳೆನೀರು ಹರಿದುಹೋಗಲಿ ಅಂತ ಒಂದು ಕಡೆಗೆ ಸ್ವಲ್ಪ ಇಳಿಜಾರು ಬಿಟ್ಟಿರುತ್ತಾರೆ. ಗಾರೆ ಕೆಲಸದವರ ರಸಮಟ್ಟ ತಂದು ಗಾಡಿಯ ಚಾಸಿಸ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಗುಳ್ಳೆ ನಡುವೆ ನಿಲ್ಲದಿದ್ದರೆ ಗಾಡಿಯ ದಿಕ್ಕು ಬದಲಿಸಿ, ಇಲ್ಲವೇ ತಗ್ಗಿನ ಕಡೆಯ ಚಕ್ರಗಳನ್ನು ಅಗಲವಾದ ಗಟ್ಟಿ ಹಲಗೆ ಮೇಲೆ ಹತ್ತಿಸಿ. ಪಿಕಪ್ ಎತ್ತರದ ಗಾಡಿ, ಜಾಕ್ ಹಾಕದೆಯೇ ಕೆಳಗೆ ನುಸುಳಬಹುದು. ಮುಂದಿನ ಚಕ್ರ ಮಾತ್ರ ಎತ್ತಿ ಆಯಿಲ್ ಹಾಕಿದರೆ ಮಟ್ಟ ತಪ್ಪುವುದು ಗ್ಯಾರಂಟಿ. ಎತ್ತಲೇಬೇಕಾದರೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಸಮ ಮಾಡಿ. ಬರೀ ಜಾಕ್ ನಂಬಿ, ಇಲ್ಲವೇ ಕೆಂಪು ಇಟ್ಟಿಗೆ ಪೇರಿಸಿ ಕೆಳಗೆ ಮಲಗುವುದನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಗಾಡಿ ಕೆಳಗೆ ದಪ್ಪ ಟಾರ್ಪಾಲ್ ಹಾಸಿ. ಕಾಫಿ ಬೀಜ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಸಿಮೆಂಟಿಗೆ ಇಳಿದ ಆಯಿಲ್ ಕಲೆ ಮೇಲೆ ಆಮೇಲೆ ಕಾಫಿ ಹರಡಿದರೆ ಕಷ್ಟಪಟ್ಟು ಬೆಳೆದ ಫಸಲು ಕೆಡುತ್ತದೆ. ಮಳೆ ನಿಂತ ಮೇಲೆ, ಕೊಯ್ಲು ಶುರುವಾಗುವ ಮುಂಚೆ ಈ ಕೆಲಸ ಮುಗಿಸಿಬಿಡಿ.

ಕೆಲಸದ ಕ್ರಮ ಹೀಗೆ. ಗಾಡಿ ಸ್ವಲ್ಪ ಬೆಚ್ಚಗಿರಲಿ, ಸುಡುವಷ್ಟು ಬಿಸಿ ಬೇಡ. ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ, ಕೆಳಗಿನ ಡ್ರೈನ್ ಪ್ಲಗ್ ಆಮೇಲೆ. ಕೆಳಗಿನಿಂದ ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದೆ ಹೋದರೆ ಗಾಡಿ ಅಲ್ಲೇ ಉಳಿಯುತ್ತದೆ. ಫೋರ್ ವೀಲ್ ಡ್ರೈವ್ ಆಗಿದ್ದರೆ ಹಿಂದೆಯೇ ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಪ್ಲಗ್ ಕೂಡ ಇರುತ್ತದೆ. ಅದರ ಆಯಿಲ್ ಬೇರೆ. ಎರಡನ್ನೂ ಗುರುತಿಸಿಕೊಂಡು ಸ್ಪ್ಯಾನರ್ ಹಾಕಿ. ಇಳಿದ ಆಯಿಲ್ ಅನ್ನು ಅಳತೆ ಗೆರೆ ಇರುವ ಕ್ಯಾನಿಗೆ ಸುರಿದು ಎಷ್ಟಿದೆ ಅಂತ ಬರೆದಿಡಿ. ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಮುಚ್ಚಿ, ಅಷ್ಟೇ ಹೊಸ ಆಯಿಲ್ ಪಂಪಿನಿಂದ ತುಂಬಿ.

ಹೊಸ ಆಯಿಲ್ ತುಂಬುವ ಮುಂಚೆ ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಕೂಡ ಬಿಚ್ಚುವುದಾದರೆ ಒಳಗಿನ ಅಯಸ್ಕಾಂತ ನೋಡದೆ ಬಿಡಬೇಡಿ. ಅದಕ್ಕೆ ಅಂಟಿದ್ದನ್ನು ಹೆಬ್ಬೆರಳಿಗೆ ಹಚ್ಚಿ ತೋರುಬೆರಳಿನಿಂದ ಉಜ್ಜಿ. ಒದ್ದೆ ವಿಭೂತಿಯ ಹಾಗೆ ಬೂದು ಬಣ್ಣಕ್ಕೆ ನುಣ್ಣಗಿದ್ದರೆ ಅದು ಸಹಜ ಸವೆತ, ಒರೆಸಿ ವಾಪಸ್ ಇಡಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಒಳಗೆ ಏನೋ ಮುರಿದಿದೆ, ಹೊಸ ಆಯಿಲ್ ಅದನ್ನು ಸರಿ ಮಾಡುವುದಿಲ್ಲ.

ಈಗ ಮುಖ್ಯವಾದ ಭಾಗ. ಇಂಜಿನ್ ಶುರು ಮಾಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಲಿವರ್ ಅನ್ನು ಪಿ, ಆರ್, ಎನ್, ಡಿ ಹೀಗೆ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿ ಗೆ ತನ್ನಿ. ಈಚಿನ ಹೆಚ್ಚಿನ ಗಾಡಿಗಳ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ ಇಲ್ಲ, ಕೆಳಗೆ ಒಂದು ಓವರ್‌ಫ್ಲೋ ಪ್ಲಗ್ ಇರುತ್ತದೆ. ಇಂಜಿನ್ ಓಡುತ್ತಿರುವಾಗಲೇ, ಆಯಿಲ್ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಬಿಸಿಗೆ ಬಂದಾಗ ಆ ಪ್ಲಗ್ ಬಿಚ್ಚಬೇಕು. ಹೆಚ್ಚಿದ್ದದ್ದು ಸಣ್ಣ ಧಾರೆಯಾಗಿ ಹರಿದು, ಧಾರೆ ಹನಿಯಾದಾಗ ಮುಚ್ಚಿದರೆ ಮಟ್ಟ ಸರಿ. ಏನೂ ಬರದಿದ್ದರೆ ಆಯಿಲ್ ಕಡಿಮೆ, ಹನಿ ಬರುವವರೆಗೆ ಮೇಲಿನಿಂದ ಹಾಕಿ. ಕೆಲವು ಗಾಡಿಗಳಿಗೆ ಈ ಬಿಸಿ 35ರಿಂದ 45 ಡಿಗ್ರಿ. ನಿಮ್ಮ ಗಾಡಿಯದ್ದನ್ನು ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ, ಅಂದಾಜು ಬೇಡ. ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ. ತಣ್ಣಗಿರುವಾಗ ಹನಿ ಬೀಳುವವರೆಗೆ ತುಂಬಿದರೆ ಬಿಸಿಯಾದಾಗ ಜಾಸ್ತಿ. ಘಾಟಿ ಹತ್ತಿ ಬಂದ ಕೂಡಲೇ ನೋಡಿದರೆ ಇರಬೇಕಾದದ್ದೂ ಸೋರಿಹೋಗಿ ಕಡಿಮೆ. ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ನಿಮ್ಮ ಗಾಡಿಯ ಗೇರ್ ಆಯಿಲ್ ಬಿಸಿ ತೋರಿಸುವಂಥದ್ದೇ ಕೇಳಿ ತಗೊಳ್ಳಿ, ಮೊಬೈಲಲ್ಲೇ ಡಿಗ್ರಿ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲಿ ಏರುವುದು ನಿಧಾನ, ಆತುರ ಬೇಡ. ಸೀಟಿನಲ್ಲಿ ಬ್ರೇಕ್ ಒತ್ತಿಕೊಂಡು ಒಬ್ಬರು ಕೂತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡ ಕೊಟ್ಟಿರಲಿ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಇದನ್ನು ಮಾಡಲೇಬೇಡಿ, ಹೊಗೆ ಜೀವ ತೆಗೆಯುತ್ತದೆ.

ಫ್ಲಶ್ ಬಗ್ಗೆ. ಇಷ್ಟು ಓಡಿ ಒಮ್ಮೆಯೂ ಆಯಿಲ್ ಬದಲಾಯಿಸದ ಗೇರ್‌ಬಾಕ್ಸ್‌ಗೆ ಒತ್ತಡ ಕೊಟ್ಟು ತೊಳೆಯುವುದು ನನಗೆ ಇಷ್ಟವಿಲ್ಲ. ಇಳಿಸಿ ತುಂಬುವುದೇ ಸಾಕು. ಆದರೆ ಒಂದೇ ಸಲಕ್ಕೆ ಎಲ್ಲ ಹೊಸದಾಗುವುದಿಲ್ಲ. ಟಾರ್ಕ್ ಕನ್ವರ್ಟರ್, ಕೂಲರ್ ಪೈಪ್‌ಗಳಲ್ಲಿ ಹಳೆಯದು ಉಳಿದೇ ಇರುತ್ತದೆ. ಒಟ್ಟು 9 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನಿಂದ 3 ಲೀಟರ್ ಇಳಿಯಿತು ಅಂದುಕೊಳ್ಳಿ. ಮೊದಲ ಸಲ ನೂರಕ್ಕೆ 67ರಷ್ಟು ಹಳೆಯದು ಉಳಿಯುತ್ತದೆ, ಎರಡನೇ ಸಲ 44, ಮೂರನೇ ಸಲ 30. ನಡುವೆ ಕೆಲವು ವಾರ ಗಾಡಿ ಓಡಿಸಿ ಎರಡು ಮೂರು ಸಲ ಮಾಡಿ. ಗೇರ್ ಈಗಾಗಲೇ ಜಾರುತ್ತಿದ್ದರೆ, ಡಿ ಗೆ ಹಾಕಿದಾಗ ಧಡ್ ಅಂತ ಹೊಡೆಯುತ್ತಿದ್ದರೆ ಮಾತ್ರ ಮೊದಲು ತಿಳಿದವರಿಗೆ ತೋರಿಸಿ.

ಪ್ರಶ್ನೆ: ಎಲ್ಲ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಕೆಂಪಗೇ ಇರುತ್ತದೆ. ಕೆಂಪಗಿದ್ದರೆ ಯಾವುದನ್ನು ಹಾಕಿದರೂ ಆಗುತ್ತಾ? (ಕುಶಾಲನಗರ)

ಉತ್ತರ: ಆಗುವುದಿಲ್ಲ. ಕೆಂಪು ಬರೀ ಬಣ್ಣ, ಬೇರೆ ಆಯಿಲ್ ಜೊತೆ ಗೊತ್ತಾಗದೆ ಬೆರೆಯದಿರಲಿ ಅಂತ ಹಾಕಿದ್ದು. ಕೆಂಪಗಿಲ್ಲದ ಎಟಿಎಫ್ ಕೂಡ ಇದೆ. ಪ್ಲೇಟ್ ಹಿಡಿಯುವ ಗುಣ ಗ್ರೇಡಿನಿಂದ ಗ್ರೇಡಿಗೆ ಬದಲಾಗುತ್ತದೆ. ಟೊಯೋಟದ ಎಟಿಎಫ್ ಡಬ್ಲ್ಯುಎಸ್ ಬೇಕು ಅಂತ ಪುಸ್ತಕ ಹೇಳಿದರೆ ಅದೇ, ಇಲ್ಲವೇ ಆ ಗ್ರೇಡಿಗೆ ಸರಿ ಅಂತ ಡಬ್ಬಿ ಮೇಲೆ ಬರೆದಿರುವುದೇ ಆಗಬೇಕು. ಸಿವಿಟಿ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಅಂತೂ ಬೇಡವೇ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಭಾಗಮಂಡಲದ ಹತ್ತಿರ ರಸ್ತೆ ಮೇಲೆ ಹರಿಯುತ್ತಿದ್ದ ನೀರಲ್ಲಿ ಪಿಕಪ್ ದಾಟಿಸಿದೆ. ಬಾಗಿಲ ಕೆಳಗಿನವರೆಗೂ ನೀರಿತ್ತು. ಗೇರ್‌ಬಾಕ್ಸ್ ನೋಡಿಸಬೇಕಾ? (ನಾಪೋಕ್ಲು)

ಉತ್ತರ: ನೋಡಿಸಿ, ತಡ ಮಾಡಬೇಡಿ. ಗೇರ್‌ಬಾಕ್ಸ್‌ಗೆ ಉಸಿರಾಡಲು ಬ್ರೀದರ್ ಅಂತ ಸಣ್ಣ ಕೊಳವೆ ಇದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕೊಳವೆಯ ಬಾಯಿ ಮುಳುಗಿದ್ದರೆ, ಸೀಲ್ ಹಳೆಯದಾಗಿದ್ದರೆ, ಆಗ ನೀರು ಒಳಗೆ ಬರುತ್ತದೆ. ಪ್ಲಗ್ ಬಿಚ್ಚಿ ಸ್ವಲ್ಪ ಆಯಿಲ್ ಗಾಜಿನ ಲೋಟಕ್ಕೆ ಹಿಡಿದು ನೋಡಿ. ತಿಳಿಯಾಗಿದ್ದರೆ ಚಿಂತೆ ಇಲ್ಲ. ತೆಗೆದಷ್ಟು ಮತ್ತೆ ತುಂಬಿಬಿಡಿ. ಗುಲಾಬಿ ಬಣ್ಣಕ್ಕೆ ತಿರುಗಿ ಮಬ್ಬಾಗಿದ್ದರೆ ನೀರು ಸೇರಿದೆ, ಗಾಡಿ ಶುರು ಮಾಡಬೇಡಿ, ಚಕ್ರ ಉರುಳಿಸಿ ಎಳೆಸಲೂಬೇಡಿ, ಲಾರಿ ಮೇಲೆ ಹೇರಿಸಿಕೊಂಡು ಹೋಗಿ. ನೀರು ಪ್ಲೇಟಿನ ಮೇಲಿನ ಅಂಟನ್ನೇ ಬಿಡಿಸುತ್ತದೆ. ನೀರಿಗೆ ಇಳಿಯದ ಗಾಡಿಯಲ್ಲೂ ಇದೇ ಬಣ್ಣ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಸೋರಿ ಕೂಲೆಂಟ್ ಬೆರೆತಿರಬಹುದು. ನೀರಿಗೆ ಇಳಿದ ಗಾಡಿಯಾದರೆ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಆಯಿಲ್ ಕೂಡ ನೋಡಿಸಿ.

ಪ್ರಶ್ನೆ: ಇಳಿಸಿದ ಹಳೆ ಆಯಿಲ್ ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದ ಹಾಗೆ ಬಳಿಯಬಹುದಲ್ವಾ? (ಪೊನ್ನಂಪೇಟೆ)

ಉತ್ತರ: ತುಂಬಾ ಜನ ಬಳಿಯುತ್ತಾರೆ, ಆದರೆ ಬೇಡ. ನಮ್ಮ ಮಳೆಗೆ ಅದು ಕಂಬದಲ್ಲಿ ನಿಲ್ಲುವುದಿಲ್ಲ. ತೊಳೆದು ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ನಮ್ಮ ಎಷ್ಟೋ ತೋಡುಗಳು ಕೊನೆಗೆ ಸೇರುವುದು ಕಾವೇರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿ ಮಾಡಿ, ಮೇಲೆ 'ಹಳೆ ಆಯಿಲ್' ಅಂತ ಬರೆದು, ಪರವಾನಗಿ ಇರುವವರಿಗೆ ಹಳೆ ಆಯಿಲ್ ಕೊಡುವ ಗ್ಯಾರೇಜ್‌ಗೆ ತಲುಪಿಸಿ. ಪೆಟ್ರೋಲ್, ಥಿನ್ನರ್, ನೀರು ಯಾವುದನ್ನೂ ಬೆರೆಸಬೇಡಿ, ಬೆರೆಸಿದ್ದನ್ನು ಅವರು ತಗೊಳ್ಳುವುದಿಲ್ಲ.